ಮೂವರೂ ಪಾಸ್ ಅಂದ ದಿನ

ನಮ್ಮ ಮನೆಗೆ ಬನಹಟ್ಟಿಯಲ್ಲಿ ಇಸ್ಪೀಟಿನ ಮನೆ ಎಂದು ಹೆಸರಿತ್ತು. ಹೆಸರಿಟ್ಟವರಲ್ಲಿ ಒಬ್ಬರೂ ಒಳಗೆ ಬಂದು ಕೂತು ನೋಡಿದವರಲ್ಲ. ನಾವು ದುಡ್ಡಿಟ್ಟು ಆಡಿದವರಲ್ಲ, ಹೊರಗಿನವರನ್ನು ಕರೆದು ಆಡಿಸಿದವರೂ ಅಲ್ಲ. ಆದರೂ ಆ ಮನೆಯಲ್ಲಿ ಹೆಂಗಸರು ಚಾಪೆಯ ಮೇಲೆ ಕೂತು ಎಲೆ ಹಿಡಿಯುತ್ತಾರೆ ಎಂಬ ಸುದ್ದಿಗೆ ಓಣಿಯಲ್ಲಿ ರೆಕ್ಕೆಪುಕ್ಕ ಬಂದಿತ್ತು. ಮನೆಯ ಮುಂಭಾಗದಲ್ಲಿ ನಾಲ್ಕು ಪಾವರ್‌ಲೂಮು, ಅವುಗಳ ಹಿಂದೆ ಪಡಸಾಲೆ, ಅದರ ಹಿಂದೆ ಅಡುಗೆ ಮನೆ, ಕೊನೆಗೆ ಹಿತ್ತಿಲು. ಮಗ್ಗ ಓಡುವಾಗ ಆ ಮನೆಯಲ್ಲಿ ಮಾತು ಎಂಬುದೇ ಇರಲಿಲ್ಲ. ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಹಾಗಾಗಿ ಕೈಸನ್ನೆಯಲ್ಲೇ ಸಂಸಾರ ನಡೆಯುತ್ತಿತ್ತು. ಅವ್ವ ಬಾಗಿಲಲ್ಲಿ ನಿಂತು ಎರಡು ಬೆರಳು ತುಟಿಗೆ ಹಚ್ಚಿದರೆ ಚಹಾ ಆಗಿದೆ ಎಂದು ಅರ್ಥ, ಅಂಗೈ ಮಗುಚಿ ತೋರಿಸಿದರೆ ರೊಟ್ಟಿ ಆಗಿದೆ ಎಂದು. ಅಪ್ಪ ಹೆಬ್ಬೆರಳನ್ನು ಗಾಳಿಯಲ್ಲಿ ತಿರುಗಿಸಿದರೆ ಲಾಳಿಯೊಳಗಿನ ಕಂಡಿಕೆಯ ನೂಲು ತೀರಿದೆ, ಸುತ್ತಿ ತಾ ಎಂದು. ನಾನು ಬಾಯಿಮಾತು ಕಲಿಯುವುದಕ್ಕೆ ಮೊದಲೇ ಈ ಸನ್ನೆಗಳನ್ನು ಕಲಿತಿದ್ದೆನಂತೆ.

ದಿನಕ್ಕೆ ಎರಡು ಸಲ, ಬೇಸಿಗೆಯಲ್ಲಿ ಮೂರು ಸಲ, ಕರೆಂಟು ಹೋಗುತ್ತಿತ್ತು. ಆಗ ಊರಿಗೆ ಊರೇ ಒಮ್ಮೆಲೇ ಸುಮ್ಮನಾಗುತ್ತಿತ್ತು. ಉಳಿದ ಮನೆಗಳಲ್ಲಿ ಮಾತು ಶುರುವಾಗುತ್ತಿದ್ದುದು ಆ ಹೊತ್ತಿಗೇ. ಬೆಳಗಿನಿಂದ ನುಂಗಿಕೊಂಡಿದ್ದ ಜಗಳಗಳೆಲ್ಲ ಕಟ್ಟೆಗೆ ಬಂದು ಕೂಡುತ್ತಿದ್ದವು. ನಮ್ಮ ಮನೆಯಲ್ಲಿ ಮಾತ್ರ ಅಪ್ಪ ಕೈಗೆ ಹತ್ತಿದ ಎಣ್ಣೆಯನ್ನು ಅರಿವೆಗೆ ಒರೆಸಿಕೊಂಡು ಪಡಸಾಲೆಗೆ ಬಂದು, ಗೋಡೆಯ ಗೂಡಿನಿಂದ ಎಲೆಯ ಕಟ್ಟು ತೆಗೆಯುತ್ತಿದ್ದ. ಅವ್ವ ಸೆರಗು ಸಿಕ್ಕಿಸಿಕೊಂಡು ಚಾಪೆ ಹಾಸುತ್ತಿದ್ದಳು. ಬಾಯಿ ಬಿಟ್ಟು ಮಾತಾಡಲು ಇಡೀ ದಿನಕ್ಕೆ ಸಿಗುತ್ತಿದ್ದ ಎರಡು ತಾಸಿನಲ್ಲಿ ನಾವು ಮಾತಾಡಬಾರದ ಆಟಕ್ಕೆ ಕೂಡುತ್ತಿದ್ದೆವು. ಇದನ್ನು ನೆನೆದರೆ ಈಗ ನನಗೆ ಸಿಟ್ಟು ಬರುತ್ತದೆ. ಆಗ ಹೆಮ್ಮೆ ಅನಿಸುತ್ತಿತ್ತು, ನಮ್ಮದು ಬೇರೆಯವರಂಥ ಮನೆಯಲ್ಲ ಎಂದು.

ಅಪ್ಪ ಮದುವೆಗೆ ಮೊದಲು ಜಮಖಂಡಿಯಲ್ಲಿ ಒಬ್ಬ ವಕೀಲರ ಹತ್ತಿರ ಕಾರಕೂನನಾಗಿದ್ದ. ಆ ವಕೀಲರ ಮನೆಯಲ್ಲಿ ಸಂಜೆ ಸಂಜೆ ಬ್ರಿಜ್ ಆಟ. ನಾಲ್ಕನೆಯವರು ಬಾರದ ದಿನ ಕಾರಕೂನನನ್ನು ಕೂಡಿಸುತ್ತಿದ್ದರು, ಬಂದ ದಿನ ಎಬ್ಬಿಸುತ್ತಿದ್ದರು. ಹಾಗೆ ಕೂತು ಎದ್ದು ಕಲಿತ ಆಟವನ್ನು ಅಪ್ಪ ಮಗ್ಗದ ಮನೆಗೆ ತಂದ, ಹೆಂಡತಿಗೆ ಕಲಿಸಿದ, ತಮ್ಮನಿಗೆ ಕಲಿಸಿದ, ಅಕ್ಕ ಕಮಲಾ ಹತ್ತು ವರ್ಷದವಳಾದಾಗ ಅವಳಿಗೂ ಕಲಿಸಿದ. ನಮ್ಮನ್ನು ಎಬ್ಬಿಸುವವರು ಯಾರೂ ಇರಬಾರದು ಎಂಬ ಹಟ ಅವನಿಗೆ ಇದ್ದಿರಬೇಕು. ಆಟ ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು. ನಾಲ್ವರು, ಎರಡು ಜೋಡಿ, ಜೋಡಿಯವರು ಎದುರುಬದುರು. ತಲಾ ಹದಿಮೂರು ಎಲೆ. ಎಲೆ ಇಳಿಸುವ ಮೊದಲು ಕೂಗು ನಡೆಯುತ್ತದೆ. ಇಂಥ ಬಣ್ಣ ಹುಕುಮು, ಅಂದರೆ ಉಳಿದವನ್ನು ಹೊಡೆಯುವ ಎಲೆ, ಆದರೆ ಹದಿಮೂರು ಸುತ್ತಿನಲ್ಲಿ ನಮ್ಮ ಜೋಡಿ ಇಷ್ಟು ಕೈ ಎತ್ತುತ್ತದೆ ಎಂದು ಒಬ್ಬೊಬ್ಬರಾಗಿ ಹೇಳುತ್ತ ಹೋಗುವುದು. ಎದುರಿಗೆ ಕೂತ ನಿನ್ನ ಜೋಡಿಯ ಎಲೆ ನಿನಗೆ ಕಾಣುವುದಿಲ್ಲ. ಆ ಕೂಗಿನಿಂದಲೇ ಅವರ ಹತ್ತಿರ ಏನಿದೆ ಎಂದು ತಿಳಿಯಬೇಕು. ಹೇಳುವುದಿಲ್ಲದವರು ಪಾಸ್ ಅನ್ನಬೇಕು. ಒಂದು ಕೂಗಿನ ಮೇಲೆ ಸಾಲಾಗಿ ಮೂವರು ಪಾಸ್ ಅಂದರೆ ಮುಗಿಯಿತು. ಆಮೇಲೆ ಯಾರಿಗೆ ಎಷ್ಟು ಹೊಟ್ಟೆ ಉರಿದರೂ ಅದನ್ನೇ ಆಡಬೇಕು.

ಅಪ್ಪನಿಗೆ ಎಲೆಗಿಂತ ಈ ಕೂಗಿನ ಶಿಸ್ತೇ ದೊಡ್ಡದು. ಮುಖ ನೋಡಬಾರದು. ದನಿ ಏರಬಾರದು, ಇಳಿಯಬಾರದು. ಹುಬ್ಬು ಹಾರಬಾರದು. ಒಳ್ಳೆಯ ಎಲೆ ಬಂದವರೂ ಕೆಟ್ಟ ಎಲೆ ಬಂದವರೂ ಪಾಸ್ ಎಂಬುದನ್ನು ಒಂದೇ ದನಿಯಲ್ಲಿ ಹೇಳಬೇಕು. ಅವ್ವನಿಗೂ ಅಕ್ಕನಿಗೂ ಇದನ್ನು ಅವನು ದಿನಗಟ್ಟಲೆ ರೂಢಿ ಮಾಡಿಸಿದ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಪಾಸ್, ಪಾಸ್ ಎಂದು ಅಂದುಕೊಳ್ಳುತ್ತಿದ್ದುದು ನೆನಪಿದೆ.

"ನಿನ್ನ ಎಲಿ ನಿನಗ ಗೊತ್ತು. ಎದರಿಗಿನವರ ಎಲಿ ನಂಬಬೇಕು," ಎನ್ನುತ್ತಿದ್ದ ಅಪ್ಪ. "ನಂಬಿಕಿ ಇರದಿದ್ರ ನಾಕ ಮಂದಿ ಯಾಕ ಬೇಕು, ಒಬ್ಬನ ಕುಂತು ಆಡಬೇಕು."

ಅಪ್ಪ ಅವ್ವ ಒಂದು ಜೋಡಿ. ಅಪ್ಪನ ತಮ್ಮ ಈರಣ್ಣ ಕಾಕಾ ಮತ್ತು ಅಕ್ಕ ಇನ್ನೊಂದು. ಕಾಕಾ ಮದುವೆಯಾಗಿರಲಿಲ್ಲ, ಮಗ್ಗ ಮತ್ತು ಎಲೆ ಬಿಟ್ಟರೆ ಅವನಿಗೆ ಮೂರನೆಯದು ಗೊತ್ತಿರಲಿಲ್ಲ. ಕೈಯಲ್ಲಿ ಒಂದು ರಾಣಿ ಬಂದರೆ ಸಾಕು, ಊರು ಗೆದ್ದವನಂತೆ ಕೂಗುತ್ತಿದ್ದ. ಅವನು ಏರಿಸಿದ್ದನ್ನು ಆಡಿ ಸಂಭಾಳಿಸುವುದು ಅಕ್ಕನ ಕೆಲಸ. ಅಕ್ಕ ಆಡುವಾಗ ಕೆಳತುಟಿ ಕಚ್ಚಿಕೊಂಡು ಎಲೆಗಳನ್ನು ಎಡಗೈಯಲ್ಲಿ ಬಿಚ್ಚಿ ಹಿಡಿಯುತ್ತಿದ್ದಳು, ಹದಿಮೂರೂ ಒಂದೇ ಅಳತೆಯಲ್ಲಿ ಕಾಣುವ ಹಾಗೆ. ಅವ್ವ ನಾಲ್ವರಲ್ಲೂ ಚೆನ್ನಾಗಿ ಆಡುವವಳು, ಇದನ್ನು ಅಪ್ಪನೂ ಒಪ್ಪುತ್ತಿದ್ದ. ಆದರೆ ಗಂಡನ ಕೂಗಿನ ಮೇಲೆ ತಾನು ಏರಿಸುವಾಗ ಅವಳ ಕೈ ಹಿಂದೆ ಸರಿಯುತ್ತಿತ್ತು. ಅಪ್ಪನೋ, ಅವಳು ಏರಿಸಲಿಲ್ಲ ಎಂದರೆ ಅವಳ ಹತ್ತಿರ ಇಲ್ಲ ಎಂದೇ ತಿಳಿಯುತ್ತಿದ್ದ. ಇವಳು ಅವನು ಹೇಳಲಿ ಎಂದು, ಅವನು ಇವಳು ಹೇಳಲಿ ಎಂದು. ಆ ಜೋಡಿಯ ದೋಷ ಇದೊಂದೇ, ಇದು ಸಾಕಾಗಿತ್ತು.

ಅಕ್ಕನಿಗಿಂತ ನಾನು ಏಳು ವರ್ಷ ಚಿಕ್ಕವಳು. ನನಗೆ ಎಲೆ ಇರಲಿಲ್ಲ. ಆದರೆ ನಾಲ್ವರ ಬೆನ್ನ ಹಿಂದೆಯೂ ಸುತ್ತಾಡಿ ನೋಡುವ ಪರವಾನಗಿ ಇತ್ತು, ಬಾಯಿ ಬಿಡಬಾರದು ಎಂಬ ಕರಾರಿನ ಮೇಲೆ. ಒಂದು ಮಧ್ಯಾಹ್ನ ಅಪ್ಪ "ಒಂದು ಬದಾಮು" ಎಂದ, ಕೆಂಪು ಹೃದಯದ ಎಲೆ ಹುಕುಮು ಎಂದು ಅರ್ಥ. ಕಾಕಾ ಪಾಸ್. ಅವ್ವ "ಎರಡು ಬದಾಮು" ಎಂದಳು. ಅಕ್ಕ ಪಾಸ್, ಅಪ್ಪ ಪಾಸ್, ಕಾಕಾ ಪಾಸ್. ಕೂಗಿದ ಅಂಕಿಗೆ ಆರು ಕೂಡಿಸಬೇಕು, ಹಾಗಾಗಿ ಇಬ್ಬರೂ ಕೂಡಿ ಎಂಟು ಕೈ ಎತ್ತುತ್ತೇವೆ ಎಂದಂತಾಯಿತು. ಎತ್ತಿದ್ದು ಹನ್ನೆರಡು, ಆದರೆ ಕೂಗದೆ ಎತ್ತಿದ್ದಕ್ಕೆ ದೊಡ್ಡ ಗೆಲುವಿಲ್ಲ. ನಾನು ಇಬ್ಬರ ಎಲೆಯನ್ನೂ ನೋಡಿದ್ದೆ. ಆಟ ಮುಗಿದ ಮೇಲೆ ಅಪ್ಪನ ಪಂಚಾಯ್ತಿ ಶುರುವಾಯಿತು. ಪ್ರತಿ ಆಟದ ಮೇಲೂ ಅದು ಇರುತ್ತಿತ್ತು, ಯಾರು ಎಲ್ಲಿ ತಪ್ಪಿದರು ಎಂದು.

"ಅಷ್ಟು ಎಲಿ ಹಿಡಕೊಂಡು ಎರಡಕ್ಕ ಯಾಕ ನಿಂತಿ?"

"ನೀವು ಒಂದ ಅಂದ್ರಿ. ಹೆಚ್ಚಿಗಿ ಇದ್ರ ಮತ್ತ ಹೇಳತೀರಿ ಅಂತ ಬಿಟ್ಟೆ."

"ನೀ ಎರಡಕ್ಕ ನಿಂತಿ ಅಂತ ನಾ ಬಿಟ್ನಿ."

ಇಬ್ಬರೂ ನಕ್ಕರು. ಕಾಕಾ ಅವರಿಗಿಂತ ಜೋರಾಗಿ ನಕ್ಕ. ನನಗೆ ನಗು ಬರಲಿಲ್ಲ. ಮರುವಾರ ಅಂಥದೇ ಇನ್ನೊಂದು ಕೈ ಬಂತು; ಅಪ್ಪ ಪಾಸ್ ಅನ್ನಲು ಬಾಯಿ ತೆರೆಯುತ್ತಿದ್ದಂತೆ ನಾನು ತಡೆಯಲಾರದೆ, ಬಿಡಬ್ಯಾಡ ಅಪ್ಪಾ, ಅವ್ವನ ಕಡೆ ಇಸ್ಪೇಟ್ ಎಕ್ಕಾ ಐತಿ ಎಂದುಬಿಟ್ಟೆ. ಅಪ್ಪ ತನ್ನ ಎಲೆಗಳನ್ನು ಬೋರಲು ಇಟ್ಟ. ಉಳಿದವರದ್ದನ್ನೂ ಕೂಡಿಸಿ ಕಟ್ಟು ಮಾಡಿ ಗೂಡಿನಲ್ಲಿಟ್ಟ. ಹೊಡೆಯಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ನಾಕೂ ಕೈ ನೋಡಿದವರು ಕಲ್ಲಾಗಿರಬೇಕು, ಪಾರೀ. ಬಾಯಿ ಬಿಟ್ರ ಅದು ಆಟ ಅಲ್ಲ, ಕಳವು."

ಇಡೀ ಬೇಸಿಗೆ ನನ್ನನ್ನು ಚಾಪೆಯ ಹತ್ತಿರ ಬಿಡಲಿಲ್ಲ. ಕರೆಂಟು ಹೋದಾಗಲೆಲ್ಲ ನಾನು ಹಿತ್ತಿಲಲ್ಲಿ ಒಬ್ಬಳೇ ಕೂತು ಒಳಗಿನ ಕೂಗುಗಳನ್ನು ಕೇಳುತ್ತಿದ್ದೆ. ಮತ್ತೆ ಒಳಗೆ ಕರೆದಾಗ ನಾನು ಕಲಿತುಬಿಟ್ಟಿದ್ದೆ. ಎಲ್ಲರ ಎಲೆ ನೋಡಿ, ಮುಖದಲ್ಲಿ ಏನೂ ತೋರದೆ, ತುಟಿ ಬಿಗಿಹಿಡಿದು ನಿಲ್ಲುವುದು ನನಗೆ ಎಷ್ಟು ಚೆನ್ನಾಗಿ ಬಂತೆಂದರೆ ಅಪ್ಪ ಬಂದವರ ಮುಂದೆ ನನ್ನನ್ನು ಹೊಗಳುತ್ತಿದ್ದ. ಮುಂದೆ ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದೆ. ಟೀಚರ್ ಮನಸ್ಸಿನಲ್ಲಿ ಏನಿದೆಯೋ ಯಾರಿಗೂ ತಿಳಿಯುವುದಿಲ್ಲ ಎಂದು ಅಲ್ಲಿಯೂ ಹೇಳುತ್ತಿದ್ದರು. ಅದನ್ನು ನಾನು ಹೊಗಳಿಕೆ ಎಂದು ತಿಳಿದಿದ್ದೆ.

ಅಕ್ಕನಿಗೆ ಇಪ್ಪತ್ತು ತುಂಬಿತು. ಎರಡು ಕಡೆಯ ಸಂಬಂಧಗಳು ಬಂದು ಹೋದವು. ಎರಡೂ ಸಲ ಓಣಿಯವರು ಯಾರೋ ಇಸ್ಪೀಟಿನ ಮನೆಯ ಹುಡುಗಿ ಎಂದು ಹೇಳಿ ಪುಣ್ಯ ಕಟ್ಟಿಕೊಂಡರು. ಅಪ್ಪ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ತನ್ನ ಆಟದಿಂದ ಮಗಳಿಗೆ ಗಂಡು ಸಿಗುತ್ತಿಲ್ಲ ಎಂಬುದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಸ್ವಲ್ಪ ದಿನ ಎಲೆ ಮುಟ್ಟಲಿಲ್ಲ. ಆಗ ಮೂರನೆಯ ಸಂಬಂಧ ಮುಧೋಳದಿಂದ ಬಂತು. ಊರ ಹೊರಗೆ ಕಬ್ಬಿನ ಹೊಲ, ಟ್ರ್ಯಾಕ್ಟರು, ದೊಡ್ಡ ಮನೆ. ಇಸ್ಪೀಟಿನ ಸುದ್ದಿ ಅವರಿಗೂ ಮುಟ್ಟಿತ್ತು. ನಡುವೆ ನಿಂತ ಹಿರಿಯರು, ಅವರು ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವವರಲ್ಲ ಎಂದು ಹೇಳಿ ಕಳಿಸಿದರು. ಹಾಗೆ ಹೇಳಿದ ಮೇಲೆ ಬೇಡ ಎನ್ನುವುದು ನಮ್ಮ ಮನೆಯವರಿಗೆ ಇನ್ನೂ ಕಠಿಣವಾಯಿತು.

ಹೆಣ್ಣು ನೋಡಲು ಬಂದ ದಿನ ಹುಡುಗನ ಅತ್ತಿಗೆಯೂ ಬಂದಿದ್ದಳು. ಚುರಮುರಿ, ಚಹಾ ಎಲ್ಲ ಆಯಿತು. ಹುಡುಗ ಬೆಳ್ಳಗೆ, ಎತ್ತರಕ್ಕೆ, ನಗುಮುಖದವನು. ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಅವರು ಹೋದ ಮೇಲೆ ನಾನು ಚಹಾದ ಕಪ್ಪು ಬಸಿಗಳನ್ನು ಎತ್ತಿಕೊಂಡು ಅಡುಗೆ ಮನೆಗೆ ಹೋದರೆ, ಅವ್ವ ಪಾತ್ರೆ ಮುಂದಿಟ್ಟುಕೊಂಡು ತಿಕ್ಕದೆ ಕೂತಿದ್ದಳು. ಮಗ್ಗ ಇನ್ನೂ ಶುರುವಾಗಿರಲಿಲ್ಲ.

"ಆ ಹೆಣ್ಣಮಗಳಿಗೆ ನೀರು ಬೇಕೇನ್ವಾ ಅಂದ್ನಿ. ಮೊದಲ ಮೈದುನನ ಮಕಾ ನೋಡಿದ್ಲು, ಆಮ್ಯಾಲ ಬ್ಯಾಡ್ರಿ ಅಂದ್ಲು. ತುಟಿ ಒಣಗಿದ್ದು ಕಾಣ್ತಿತ್ತು. ಅಂಥಾ ಮನಿಗೆ ನಮ್ಮ ಕಮಲಾನ್ನ ಕೊಡೂದು ನನಗ ಮನಸಿಲ್ಲ ಪಾರೀ."

"ಮತ್ತ ಅಪ್ಪಗ ಹೇಳಬೇ."

"ಅವರಿಗೆ ಮನಸ್ ಬಂದಂಗೈತಿ. ಮೂರ ತಿಂಗಳಾತು, ನಕ್ಕಿದ್ದಿಲ್ಲ. ಇವತ್ತ ಹುಡುಗನ ಜೋಡಿ ನಕ್ಕೋತ ಮಾತಾಡಿದ್ರು. ಬ್ಯಾಡ ಆದ್ರ ಅವರ ಹೇಳ್ತಾರ."

ನಾಲ್ಕು ದಿನಕ್ಕೆ ಅಪ್ಪ ಅವರ ಮನೆ ನೋಡಲು ಮುಧೋಳಕ್ಕೆ ಹೊರಟ. ಶಾಲೆಗೆ ರಜೆ ಇತ್ತು, ನನ್ನನ್ನೂ ಕರೆದುಕೊಂಡು ಹೋದ. ಅಂಗಳದಲ್ಲಿ ಮುಧೋಳದ ಬೇಟೆ ನಾಯಿಗಳು ಎರಡು ಇದ್ದವು, ಸಪೂರ ಹೊಟ್ಟೆ, ಉದ್ದ ಕಾಲು. ಹುಡುಗ ಒಂದನ್ನು ಕರೆದ. ಅದು ಸ್ವಲ್ಪ ತಡಮಾಡಿ ಬಂತು. ಅವನು ಅದರ ಕಿವಿ ಹಿಡಿದು ತಿರುಚಿದ, ಅದು ಸಣ್ಣ ದನಿಯಲ್ಲಿ ಅಳುವ ತನಕ ತಿರುಚಿದ. ತಿರುಚುತ್ತಲೇ ಅಪ್ಪನ ಜೊತೆ ಕಬ್ಬಿನ ಮಾತು ಆಡುತ್ತಿದ್ದ, ಮುಖದ ಮೇಲಿನ ನಗು ಹಾಗೆಯೇ ಇತ್ತು. ಹೊರಳಿ ಬರುವಾಗ ಬಸ್ಸು ಮಹಾಲಿಂಗಪುರ ದಾಟಿದ ಮೇಲೆ ಅಪ್ಪ ನನ್ನ ಕಡೆ ತಿರುಗಿದ.

"ಆ ನಾಯಿ ನೋಡಿದ್ಯಾ?"

"ಹೂಂ."

"ನನಗ ಅದು ಛಲೋ ಅನಸಲಿಲ್ಲ ನೋಡು. ಆದ್ರ ನಿಮ್ಮವ್ವ ಬ್ಯಾಡ ಅಂದಿಲ್ಲ. ಹೆಂಗಸರ ಕಣ್ಣು ಹೆಂಗಸರಿಗೆ ತಿಳೀತೈತಿ, ಆಕಿಗೆ ಏನರ ಅನಿಸಿದ್ರ ಇಷ್ಟೊತ್ತಿಗೆ ಅಂತಿದ್ಲು. ನನ್ನ ಇಸ್ಪೀಟಿನಿಂದ ಆ ಕೂಸಿಗೆ ಮೊದಲ ಸಾಕಷ್ಟ ಆಗೇತಿ. ಈಗ ನಾಯಿ ಕಿವಿ ನೋಡಿ ಬ್ಯಾಡ ಅಂದ್ರ ಮಂದಿ ನಗತಾರ."

ಇಬ್ಬರ ಎಲೆಯೂ ಈಗ ನನಗೆ ಗೊತ್ತಿತ್ತು. ಹದಿಮೂರು ವರ್ಷದ ಹುಡುಗಿ, ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಆ ಬಸ್ಸಿನಲ್ಲಿ ಒಂದು ಮಾತು, ಅವ್ವಗೂ ಬೇಕಾಗಿಲ್ಲ ಅಪ್ಪಾ, ಎಂದು ಹೇಳಿದ್ದರೆ ಆಗುತ್ತಿತ್ತು. ನಾನು ಹೇಳಲಿಲ್ಲ. ಹೆದರಿಕೆಯಿಂದ ಹೇಳಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆದರಿಕೆ ಇತ್ತು, ಆದರೆ ಅದಷ್ಟೇ ಇರಲಿಲ್ಲ. ಅವ್ವ ನನ್ನನ್ನು ನಂಬಿ ಹೇಳಿದ್ದಾಳೆ, ಅಪ್ಪ ನಂಬಿ ಹೇಳಿದ್ದಾನೆ, ಎರಡನ್ನೂ ನುಂಗಿಕೊಂಡು ಕಲ್ಲಿನ ಹಾಗೆ ಇದ್ದೇನೆ ಎಂಬ ಸೊಕ್ಕು ಕೂಡ ಇತ್ತು. ಹೇಗೂ ಮಾತುಕತೆಯ ದಿನ ಇಬ್ಬರಲ್ಲಿ ಒಬ್ಬರು ಹೇಳಿಯೇ ಹೇಳುತ್ತಾರೆ, ಇದು ಇಸ್ಪೀಟಲ್ಲವಲ್ಲ, ಮಗಳ ಬಾಳು, ಎಂದೂ ಅಂದುಕೊಂಡಿದ್ದೆ.

ಮಾತುಕತೆಯ ದಿನ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ಬಂದವರ ಮರ್ಯಾದೆಗೆ ಅಪ್ಪ ಮಗ್ಗ ನಿಲ್ಲಿಸಿದ್ದ. ಅವ್ವ ಅಡುಗೆ ಮನೆಯ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದಳು, ನಾನು ಅವಳ ಪಕ್ಕದಲ್ಲಿ. ಅಕ್ಕ ಒಳಗೆ ಜೋಳದ ಚೀಲಗಳ ಹತ್ತಿರ ಕೂತಿದ್ದಳು. ಕೊಡುವ ತೆಗೆದುಕೊಳ್ಳುವ ಮಾತೆಲ್ಲ ಸುಸೂತ್ರ ಮುಗಿಯಿತು. ಹಿರಿಯರು ಸಕ್ಕರೆಯ ತಾಟನ್ನು ಮುಂದಕ್ಕೆ ಎಳೆದುಕೊಂಡು ಅಪ್ಪನ ಕಡೆ ತಿರುಗಿದರು.

"ಮತ್ತೇನ್ರಿ, ಆತಲ್ಲ?"

ಅಪ್ಪ ತಲೆ ಎತ್ತದೆ ಅಡುಗೆ ಮನೆಯ ಬಾಗಿಲ ಕಡೆ ಕೈ ಮಾಡಿದ.

"ಆಕೀನ್ನ ಒಂದ ಮಾತು ಕೇಳ್ರಿ. ಆಕಿ ಹೆಂಗಂತಾಳ ಹಂಗ."

ಎಲ್ಲರೂ ಬಾಗಿಲ ಕಡೆ ನೋಡಿದರು, ಅಪ್ಪನೊಬ್ಬನನ್ನು ಬಿಟ್ಟು. ಅವನು ಚಾಪೆಯನ್ನು ನೋಡುತ್ತಿದ್ದ. ಅವ್ವ ಸೆರಗನ್ನು ಎಳೆದುಕೊಂಡಳು. ಅವಳೂ ಅವನ ಕಡೆ ನೋಡಲಿಲ್ಲ.

"ನಂದೇನೈತ್ರಿ. ಅವರು ಹೆಂಗಂತಾರ ಹಂಗ."

ದನಿ ಏರಲಿಲ್ಲ, ಇಳಿಯಲಿಲ್ಲ. ಹಿರಿಯರು ಮರ್ಯಾದೆಗೆ ಕಾಕಾನನ್ನೂ ಕೇಳಿದರು. ದೊಡ್ಡವರು ಅದಾರಲ್ರಿ, ನಾ ಏನ ಹೇಳಲಿ ಎಂದ ಕಾಕಾ. ಒಂದು ರಾಣಿ ಬಂದರೂ ಕೂಗುವವನು ಅವನು, ಅವತ್ತು ಕೂಗದೆ ಕೂತ. ನಾನು ಅವ್ವನ ಸೆರಗಿನ ತುದಿಯನ್ನು ಹಿಡಿದು ಎಳೆದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದಳು. ಹಿರಿಯರು ಸಕ್ಕರೆ ಹಂಚಿದರು. ಅಪ್ಪ ಬಾಯಿಗೆ ಹಾಕಿಕೊಂಡ, ಅವ್ವ ಹಾಕಿಕೊಂಡಳು, ನನ್ನ ಅಂಗೈಯಲ್ಲೂ ಯಾರೋ ಹಾಕಿದರು. ನಾನೂ ತಿಂದೆ. ಒಳಗೆ ಹೋಗಿ ಅಕ್ಕನಿಗೆ ಕೊಟ್ಟವಳೂ ನಾನೇ. ಅವಳು ನನ್ನ ಮುಖ ನೋಡಿ, ಎಲ್ಲಾರೂ ಹೂಂ ಅಂದ್ರಾ ಎಂದು ಕೇಳಿದಳು. ಅಂದ್ರು ಎಂದೆ.

ಮದುವೆಯಾಗಿ ಅಕ್ಕ ಹೋದ ಮೇಲೆ ಚಾಪೆಯಲ್ಲಿ ಒಂದು ಜಾಗ ಖಾಲಿಯಾಯಿತು. ಕಾಕಾನ ಎದುರಿಗೆ ನನ್ನನ್ನು ಕೂಡಿಸಿದರು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅವತ್ತು ನನಗೆ ಖುಷಿಯೇ ಆಗಿತ್ತು. ಎಷ್ಟೋ ವರ್ಷ ಬೆನ್ನು ನೋಡಿದವಳು ಕೊನೆಗೂ ಎಲೆ ಹಿಡಿದಿದ್ದೆ. ಮುಧೋಳದಿಂದ ಸುದ್ದಿ ಕಡಿಮೆ ಬರುತ್ತಿತ್ತು, ಬಂದದ್ದು ಒಳ್ಳೆಯದೇ ಇರುತ್ತಿತ್ತು. ಅಕ್ಕನಿಗೆ ಅಲ್ಲಿಯೇ ಗಂಡು ಕೂಸು ಹುಟ್ಟಿತು. ಮೊದಲ ಪಂಚಮಿಗೆ ಕಳಿಸಲಿಲ್ಲ, ಎರಡನೆಯದಕ್ಕೂ ಇಲ್ಲ. ಮೂರನೆಯ ಪಂಚಮಿಗೆ ಕಳಿಸಿದರು, ಕೂಸನ್ನು ಅಲ್ಲೇ ಇಟ್ಟುಕೊಂಡು.

ಹಬ್ಬದ ಮರುದಿನ ಕರೆಂಟು ಹೋಯಿತು. ಕಾಕಾ ಕುಣಿದುಕೊಂಡು ಬಂದು ಕಟ್ಟು ತೆಗೆದ, ನನ್ನ ಜೋಡಿ ಬಂದಾಳ, ನೀ ಏಳು ಎಂದು ನನ್ನನ್ನು ಎಬ್ಬಿಸಿದ. ಅಕ್ಕ ಬೇಡ ಬೇಡ ಎನ್ನುತ್ತಲೇ ಕೂತಳು. ಹದಿಮೂರು ಎಲೆ ಎತ್ತಿ ಎಡಗೈಗೆ ತಂದುಕೊಂಡಳು. ಬಿಚ್ಚಲು ಹೋದರೆ ಕಿರುಬೆರಳು, ಅದರ ಪಕ್ಕದ ಬೆರಳು ಮಾತು ಕೇಳಲಿಲ್ಲ. ಎರಡೂ ನಡುವೆ ಮುರಿದು ಸೊಟ್ಟಗೆ ಕೂಡಿಕೊಂಡಿದ್ದವು. ಎಲೆಗಳು ಜಾರಿ ಚಾಪೆಯ ಮೇಲೆ ಬಿದ್ದು ಎಲ್ಲರಿಗೂ ಕಾಣುವಂತೆ ಹರಡಿದವು. ಬಂದು ಎರಡು ದಿನವಾಗಿತ್ತು, ಕೈಯನ್ನು ಸೆರಗಿನಲ್ಲೇ ಇಟ್ಟುಕೊಂಡಿದ್ದಳು, ನಾವು ಯಾರೂ ನೋಡಿರಲಿಲ್ಲ.

"ಏನಾಗೇತಿ ಬೆರಳಿಗೆ?" ಅಪ್ಪ ಕೇಳಿದ.

"ಬಾಗಲಾಗ ಸಿಕ್ಕಿತ್ತಪ್ಪಾ," ಎಂದಳು ಅಕ್ಕ. ನಗುತ್ತ ಎಲೆಗಳನ್ನು ಬಲಗೈಯಿಂದ ಕೂಡಿಸಿದಳು. ಕರೆದಾಗ ಜಲ್ದಿ ಬರಬೇಕಾಗಿತ್ತು, ತಡಾ ಮಾಡಿದ್ನಿ, ಅವರು ಬಾಗಲಾ ಹಾಕಿದ್ರು, ನಂದ ತಪ್ಪು ಎಂದು ಸೇರಿಸಿದಳು. ನೀರು ಕುಡಿದು ಬರುತ್ತೇನೆ ಎಂದು ಎದ್ದು ಹಿತ್ತಿಲಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಪಡಸಾಲೆಯಲ್ಲಿ ಉಳಿದವರು ನಾಲ್ವರು. ಅಪ್ಪ ನನ್ನ ಕಡೆ ನೋಡಿದ, ನಾಯಿಯ ನೆನಪು ಇಬ್ಬರಿಗೂ ಒಟ್ಟಿಗೇ ಬಂದಿತ್ತು. ಆಮೇಲೆ ಎದುರಿಗೆ ಕೂತ ಅವ್ವನ ಕಡೆ ನೋಡಿದ.

"ನಿನಗ ಮನಸಿತ್ತಂತ ನಾ ಸುಮ್ನಾದ್ನಿ."

"ನನಗ?" ಅವ್ವನ ದನಿ ಒಡೆಯಿತು. "ನನಗ ಎಂದ ಮನಸಿತ್ರಿ? ನಿಮಗ ಬೇಕಾಗೇತಿ ಅಂತ ನಾ ಬಾಯಿ ಮುಚ್ಚಿಕೊಂಡ ನಿಂತೆ."

ಇದು ಆಟ ಮುಗಿದ ಮೇಲಿನ ಅವರ ಕೊನೆಯ ಪಂಚಾಯ್ತಿ. ಯಾರೂ ನಗಲಿಲ್ಲ. ನಾನು ಗೋಡೆಗೆ ಆತು ನಿಂತಿದ್ದೆ, ನನಗೆ ಗೊತ್ತಿತ್ತು ಎಂದು ಆಗಲೂ ಹೇಳಲಿಲ್ಲ. ಅಪ್ಪ ಹಿತ್ತಿಲ ಕಡೆ ನೋಡಿ, ಇದನ್ನ ಕಮಲಾನ ಮುಂದ ಯಾರೂ ಎಂದೂ ಆಡಬ್ಯಾಡ್ರಿ ಎಂದ. ಅಕ್ಕನನ್ನು ಇಟ್ಟುಕೊಳ್ಳುವ ಮಾತು ಆಯಿತು. ಕೂಸು ಅಲ್ಲೈತಿ ಎಂದು ಅವಳೇ ಚೀಲ ಕಟ್ಟಿದಳು. ಅಪ್ಪ ಆಮೇಲೆ ಎರಡು ಸಲ ಮುಧೋಳಕ್ಕೆ ಹೋಗಿ, ಹಿರಿಯರನ್ನು ಕೂಡಿಸಿ, ಇನ್ನು ಮುಂದೆ ಹೀಗಾಗುವುದಿಲ್ಲ ಎಂಬ ಮಾತು ತೆಗೆದುಕೊಂಡು ಬಂದ. ಆ ಮಾತಿನ ಬೆಲೆ ಏನೆಂದು ಅವನಿಗೂ ಗೊತ್ತಿತ್ತು. ಎಲೆಯ ಕಟ್ಟನ್ನು ಅವ್ವ ಒಲೆಗೆ ಹಾಕಿದಳು. ಕರೆಂಟು ಹೋದಾಗ ಅಪ್ಪ ಒಂದು ಮೂಲೆಯಲ್ಲಿ, ಅವ್ವ ಒಂದು ಮೂಲೆಯಲ್ಲಿ ಕೂಡುತ್ತಿದ್ದರು. ಮಾತು ಅವರಿಗೆ ಮೊದಲೇ ರೂಢಿ ಇರಲಿಲ್ಲ, ಈಗ ಕಲಿಯುವ ವಯಸ್ಸೂ ಉಳಿದಿರಲಿಲ್ಲ. ಹಾಗೆಯೇ ಬದುಕಿ, ಮೊದಲು ಅವನು, ಆರು ವರ್ಷಕ್ಕೆ ಅವಳು ಹೋದರು.

ಅಕ್ಕ ಅದೇ ಮನೆಯಲ್ಲಿ ನಲವತ್ತು ವರ್ಷ ಬಾಳಿದಳು. ಗಂಡ ತೀರಿಕೊಂಡ ಮೇಲೆ ಈಗ ಮಗ, ಸೊಸೆ ಜೊತೆ ಇದ್ದಾಳೆ. ಮಗ ತಂದೆಯ ಹಾಗೆಯೇ ನಗುಮುಖದವನು. ಹೋದ ವರ್ಷ ಒಂದು ಮಧ್ಯಾಹ್ನ ನಾನು ಈಗಿರುವ ಜಮಖಂಡಿಯಿಂದ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ನನ್ನ ನೆನಪಿನ ಪುಸ್ತಕದ ಈ ಅಧ್ಯಾಯ ಬರೆಯುವ ಮೊದಲು ಅವಳಿಗೆ ಹೇಳುವುದು ನ್ಯಾಯ ಎಂದು ಮನಸ್ಸಿಗೆ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ನನ್ನ ಎದೆಯ ಭಾರ ಇಳಿಸಿಕೊಳ್ಳಬೇಕಾಗಿತ್ತು. ಅವಳು ಹಿಂದಿನ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತ ಕೂತಿದ್ದಳು. ನಾನೂ ಕೂತು ನಾಲ್ಕು ಒಡೆದೆ. ಆಮೇಲೆ ಹೇಳಿದೆ. ಅವ್ವನಿಗೆ ಬೇಕಾಗಿರಲಿಲ್ಲ, ಅಪ್ಪನಿಗೂ ಬೇಕಾಗಿರಲಿಲ್ಲ, ಒಬ್ಬರನ್ನೊಬ್ಬರು ನಂಬಿ ಇಬ್ಬರೂ ಸುಮ್ಮನಾದರು, ನನಗೆ ಎಲ್ಲ ಗೊತ್ತಿತ್ತು. ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅಪ್ಪ ಅವ್ವ ತನ್ನನ್ನು ಬೇಕಂತಲೇ ಇಲ್ಲಿಗೆ ನೂಕಲಿಲ್ಲ ಎಂದು ತಿಳಿದರೆ ಅವಳಿಗೆ ಸಮಾಧಾನ ಆದೀತು ಎಂದೂ ಎಲ್ಲೋ ಅಂದುಕೊಂಡಿದ್ದೆ.

ಅಕ್ಕನ ಕೈ ನಿಂತಿತು.

"ಇಬ್ಬರಿಗೂ ಬೇಕಾಗಿದ್ದಿಲ್ಲ?"

"ಇಲ್ಲ."

ಅವಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಮೂರ ಸಲ ಬಸ್ ಸ್ಟ್ಯಾಂಡಿಗೆ ಹೋಗೇನಿ ಪಾರೀ, ಚೀಲಾ ಹಿಡಕೊಂಡು. ಕೂಸನ್ನೂ ಎತ್ತಿಕೊಂಡು ಹೋಗಿದ್ನಿ.  ಬನಹಟ್ಟಿ ಬಸ್ಸು ಮುಂದ ನಿಂತಿರ್ತಿತ್ತು. ಅಪ್ಪ ಅವ್ವ ಇಬ್ಬರೂ ಕೂಡಿ ವಿಚಾರ ಮಾಡಿ ಕೊಟ್ಟಾರ, ನಾ ಹೆಂಗ ಹೊಳ್ಳಿ ಹೋಗಿ ಅವರ ಮಾತು ಕೆಡಸಲಿ, ಅಂತ ಹತ್ತಲಿಲ್ಲ."

ನಾನು ಏನೋ ಹೇಳಲು ಹೋದೆ. ಅವಳು ಆ ಸೊಟ್ಟ ಬೆರಳಿನ ಕೈಯನ್ನೇ ಎತ್ತಿ ತಡೆದಳು.

"ಆ ನಂಬಿಕಿ ಒಂದು ಇತ್ತು ನನ್ನ ಕಡೆ. ಇನ್ನೇನೂ ಇದ್ದಿಲ್ಲ," ಎಂದಳು. ಬುಟ್ಟಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡು, "ನಿನ್ನ ಬಸ್ಸಿಗೆ ಹೊತ್ತಾತು ನೋಡು, ಹೋಗು," ಎಂದಳು.

ಹೊತ್ತಾಗಿರಲಿಲ್ಲ. ಜಮಖಂಡಿಗೆ ಅರ್ಧ ತಾಸಿಗೊಂದು ಬಸ್ಸಿದೆ. ಎದ್ದು ಬಂದೆ.